ಹೆಬ್ಬೆರಳಿಗೆ ಮೂವತ್ತು, ತಲೆಗೆ ಸೊನ್ನೆ

ಹೆಬ್ಬೆರಳು ಪೂರ್ತಿ ಹೋದರೆ ಶೇಕಡ 30. ತೋರುಬೆರಳಿಗೆ 14, ನಡುಬೆರಳಿಗೆ 12. ಉಂಗುರದ ಬೆರಳು, ಕಿರುಬೆರಳು ಪಾಪ, ತಲಾ ಏಳೇಳು. ಒಂದು ಕಣ್ಣು ಹೋಗಿ ಇನ್ನೊಂದು ನೆಟ್ಟಗಿದ್ದರೆ 40. ಮೂಳೆ ಉಳಿದು ಬೆರಳ ತುದಿ ಮಾತ್ರ ಹಾರಿಹೋದರೆ ಅದಕ್ಕೂ ಬೇರೆ ದರ ಉಂಟು. ನಮ್ಮ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಗಿರವಿ ಅಂಗಡಿಯ ಸೇಟು ಕೂಡ ಮೂಗುತಿಯನ್ನು ಇಷ್ಟು ನಾಜೂಕಾಗಿ ತೂಗಲಾರ. ಇದು 1923ರ ಕಾರ್ಮಿಕರ ನಷ್ಟ ಪರಿಹಾರ ಕಾಯ್ದೆಯ ಮೊದಲ ಅನುಸೂಚಿ. ನೂರು ವರ್ಷ ದಾಟಿದ ಈ ಮುದುಕ ಕಾಯ್ದೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಎಂಬ ಹೊಸ ಅಂಗಿ ತೊಟ್ಟಿದೆ. ಅಂಗಿಯೊಳಗಿನ ಮೈ ಹಳೆಯದೇ.

ಹಳೆಯ ಕಾಯ್ದೆಯ ಲೆಕ್ಕವನ್ನು ಒಮ್ಮೆ ಹಾಕಿ ನೋಡೋಣ. ನಲವತ್ತು ವರ್ಷದ ಕಾರ್ಮಿಕ. ಸಂಬಳ ಇಪ್ಪತ್ತೈದು ಸಾವಿರ ಬರುತ್ತಿದ್ದರೂ 2020ರ ಅಧಿಸೂಚನೆ ಹದಿನೈದು ಸಾವಿರಕ್ಕೇ ಗೆರೆ ಎಳೆದಿತ್ತು. ಅದರಲ್ಲಿ ಶೇಕಡ 60 ಅಂದರೆ 9,000. ನಲವತ್ತರ ವಯಸ್ಸಿನ ಗುಣಾಂಕ 184.17. ಗುಣಿಸಿದರೆ 16,57,530 ರೂಪಾಯಿ. ಮನುಷ್ಯ ಪೂರ್ತಿ ಕೈಲಾಗದವನಾದರೆ ಇಷ್ಟು, ಹೆಬ್ಬೆರಳು ಮಾತ್ರ ಹೋದರೆ 4,97,259. ದ್ರೋಣಾಚಾರ್ಯರ ಕಾಲದಲ್ಲಿ ಈ ಕಾಯ್ದೆ ಇದ್ದಿದ್ದರೆ ಗುರುದಕ್ಷಿಣೆ ಅಷ್ಟು ಸಲೀಸಾಗಿ ಸಿಗುತ್ತಿರಲಿಲ್ಲ.

ಬೆರಳಿನ ವಿಚಾರ ಇಷ್ಟಾಯಿತು. ತಲೆಯ ವಿಚಾರಕ್ಕೆ ಬನ್ನಿ. ಕೆಲಸದಿಂದ ಬರುವ ಕಾಯಿಲೆಗಳಿಗೆಂದೇ ಅದೇ ಕಾನೂನಿನಲ್ಲಿ ಮೂರನೇ ಅನುಸೂಚಿ ಇದೆ. ಅದನ್ನು ಓದುತ್ತಾ ಹೋದರೆ ಕರುಳು ಚುರ್ರೆನ್ನುವಷ್ಟು ಕರುಣೆ. ಹಿಮ ಬೀಳುವ ಕಡೆ ಕೆಲಸ ಮಾಡಿ ಹಿಮಗುರುಡು ಬಂದರೆ ಪರಿಹಾರ ಉಂಟು. ಬಂಗಾರಪೇಟೆ ಸ್ಟೇಷನ್ನಿನ ಮೇಲೆ ಹಿಮ ಬೀಳುವ ದಿನ ನಾವೆಲ್ಲ ಬಚಾವ್. ತೀರಾ ಎತ್ತರದ ಬೆಟ್ಟದಲ್ಲಿ ದುಡಿದು ಶ್ವಾಸಕೋಶದಲ್ಲಿ ನೀರು ತುಂಬಿಕೊಂಡರೆ ಅದಕ್ಕೂ ಉಂಟು. ಕೆಜಿಎಫ್‌ನವರು ಇಲ್ಲೇ ಎಡವಿದ್ದು. ಮೇಲಕ್ಕೆ ಹತ್ತುವುದು ಬಿಟ್ಟು ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ಮೂರು ಸಾವಿರ ಮೀಟರಿಗೂ ಕೆಳಕ್ಕೆ ಇಳಿದರು, ತಪ್ಪು ದಿಕ್ಕು.

ಇನ್ನು ತಲೆ ಕೆಡುವ ಸಂಗತಿ ಆ ಅನುಸೂಚಿಯಲ್ಲಿ ಇಲ್ಲವೇ ಇಲ್ಲ ಎಂದರೆ ಅನ್ಯಾಯದ ಮಾತಾಗುತ್ತದೆ. ಒಂಥರಾ ಇದೆ. ಪಾದರಸದ ವಿಷ ಪಟ್ಟಿಯಲ್ಲಿದೆ. ಪಾದರಸ ಮೈಗೆ ಸೇರಿದರೆ ಮನುಷ್ಯ ಸಿಡುಕನಾಗುತ್ತಾನೆ, ಹೆದರುಪುಕ್ಕಲನಾಗುತ್ತಾನೆ, ನಾಲ್ಕು ಜನರ ಮುಂದೆ ನಿಲ್ಲಲಾರ. ಅದೇ ಪಾದರಸದಲ್ಲಿ ಚಿನ್ನ ಹಿಡಿದ ಊರು ನಮ್ಮದು. ರೇಯಾನ್ ಕಾರ್ಖಾನೆಗಳಲ್ಲಿ ಬಳಸುವ ಕಾರ್ಬನ್ ಡೈಸಲ್ಫೈಡ್ ಪಟ್ಟಿಯಲ್ಲಿದೆ, ಅದು ನೇರವಾಗಿ ಬುದ್ಧಿಭ್ರಮಣೆ ತರುತ್ತದೆ. ಮ್ಯಾಂಗನೀಸ್ ಪಟ್ಟಿಯಲ್ಲಿದೆ. ಅದರ ಧೂಳು ವರ್ಷಗಟ್ಟಲೆ ಕುಡಿದವನು ಕಾರಣವಿಲ್ಲದೆ ನಗುತ್ತಾನೆ, ಕಾರಣವಿಲ್ಲದೆ ಅಳುತ್ತಾನೆ. ಅಂದಮೇಲೆ ಕಾನೂನಿನ ನಿಲುವು ಬಹಳ ಸ್ಪಷ್ಟ. ಮ್ಯಾಂಗನೀಸ್ ಹುಚ್ಚು ಹಿಡಿಸಿದರೆ ಪರಿಹಾರ ಉಂಟು, ಮ್ಯಾನೇಜರ್ ಹಿಡಿಸಿದರೆ ಇಲ್ಲ.

ಇದೇನು ಹೊಸ ಕತೆಯಲ್ಲ. ತಲೆಯ ಬದಲು ಎದೆಗೂಡು ಎಂದು ಹಾಕಿಕೊಂಡರೆ ಕೆಜಿಎಫ್ ಇದನ್ನು ನೂರು ವರ್ಷದ ಹಿಂದೆಯೇ ನೋಡಿದೆ. ಜಾನ್ ಟೇಲರ್ ಕಂಪನಿ ಇಲ್ಲಿಗೆ ಬಂದಿದ್ದು 1880ರಲ್ಲಿ. ಬಂಡೆಗೆ ಡ್ರಿಲ್ ಹಿಡಿದ ದಿನದಿಂದಲೇ ಕಲ್ಲಿನ ಧೂಳು ಕೂಲಿಗಳ ಶ್ವಾಸಕೋಶ ಸೇರುತ್ತಿತ್ತು. ಕೆಮ್ಮಿದವನಿಗೆ ಸಿಗುತ್ತಿದ್ದ ಉತ್ತರ ತರಾವರಿ: ನಿನಗೆ ಟಿಬಿ, ನಿನ್ನ ಲೈನ್ ಮನೆ ಕಿರಿದು, ನಿನ್ನ ಊಟ ಸರಿಯಿಲ್ಲ, ನಿನ್ನ ಬೀಡಿ ಜಾಸ್ತಿ, ನಿಮ್ಮ ಜಾತಿಯ ಮೈಕಟ್ಟೇ ಹಾಗೆ. ಅವನ ಬಾಯಿಂದ ಹಿಡಿದು ಅವನ ಅಡುಗೆಮನೆಯವರೆಗೆ ಎಲ್ಲದರ ತಪ್ಪೂ ಇತ್ತು, ಗಣಿಯದ್ದೊಂದು ಬಿಟ್ಟು. ಮೈಸೂರು ಸರ್ಕಾರ ಸಿಲಿಕೋಸಿಸ್‌ಗೆಂದೇ ನಿಯಮ ಮಾಡಿದ್ದು 1940ರಲ್ಲಿ. ಅರವತ್ತು ವರ್ಷ ಹಿಡಿಯಿತು. ಆಮೇಲೆ 1940ರಿಂದ 46ರವರೆಗೆ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರ ಎದೆ ಪರೀಕ್ಷಿಸಿದಾಗ ನೂರಕ್ಕೆ ನಲವತ್ತಮೂರಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಸಿಕ್ಕಿತು. ನಿಯಮಕ್ಕೂ ಮೊದಲೇ ಮಣ್ಣಾದವರು ಯಾವ ಲೆಕ್ಕಕ್ಕೂ ಸಿಗದೆ ಟಿಬಿ ಖಾತೆಯಲ್ಲೇ ಉಳಿದರು.

ಒಂದು ಮಾತು ಗಮನಿಸಿ. ಅಷ್ಟು ವರ್ಷದ ಕೆಮ್ಮು ಯಾರ ಕಿವಿಗೂ ಬಿದ್ದಿರಲಿಲ್ಲವೆಂದಲ್ಲ, ನಂಬಲು ಎಕ್ಸ್‌ರೇ ಬೇಕಾಗಿತ್ತು. ಪ್ಲೇಟನ್ನು ಬೆಳಕಿಗೆ ಹಿಡಿದು ಬಿಳಿ ಚುಕ್ಕೆ ತೋರಿಸಿದ ಮೇಲೆ ಕಂಪನಿಯ ಡಾಕ್ಟರರೂ ತಲೆಯಾಡಿಸಿದರು. ಮನಸ್ಸಿಗೆ ಆ ಭಾಗ್ಯವಿಲ್ಲ. ಅದನ್ನು ಯಾವ ಬೆಳಕಿಗೆ ಹಿಡಿದರೂ ಚುಕ್ಕೆ ಕಾಣುವುದಿಲ್ಲ.

ಚಾಂಪಿಯನ್ ರೀಫ್‌ನಲ್ಲಿ ಅರ್ಧ ಆಯಸ್ಸು ಕಳೆದ ಒಬ್ಬ ತಾತ ಇದ್ದಾರೆ. ಎಂಬತ್ತು ದಾಟಿದೆ. ಈಗಲೂ ರಾತ್ರಿ ದೀಪ ಆರಿಸಲು ಬಿಡುವುದಿಲ್ಲ. ರಸ್ತೆಯಲ್ಲಿ ಜಲ್ಲಿ ಲಾರಿ ಹೋಗಿ ಕಿಟಕಿ ಗಡಗಡ ಅಂದರೆ ಎದ್ದು ಕೂರುತ್ತಾರೆ, ಮೊಮ್ಮಕ್ಕಳ ತಲೆ ಎಣಿಸಿ ಮತ್ತೆ ಮಲಗುತ್ತಾರೆ. ರಾಕ್ ಬರ್ಸ್ಟ್ ಎಂದರೇನು ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಬೇರೆಯವರಿಗೆ ಹೇಳುವುದಾದರೆ, ಅಷ್ಟು ಆಳದಲ್ಲಿ ಬಂಡೆಯ ಮೇಲಿನ ಒತ್ತಡ ತಡೆಯಲಾರದೆ ಅದು ಬಾಂಬಿನಂತೆ ಸಿಡಿಯುತ್ತದೆ. ಮೇಲೆ ಲೈನ್ ಮನೆಗಳಲ್ಲಿ ಪಾತ್ರೆಗಳು ಅಲುಗುತ್ತಿದ್ದವು, ಹೆಂಗಸರು ಒಲೆ ಮೇಲಿನದ್ದನ್ನು ಹಾಗೇ ಬಿಟ್ಟು ಶಾಫ್ಟಿನ ಕಡೆ ಓಡುತ್ತಿದ್ದರು. ಜೊತೆಯವನು ಎರಡು ಮಾರು ದೂರದಲ್ಲಿ ಕಲ್ಲಿನಡಿ ಹೋಗಿದ್ದನ್ನು ಈ ತಾತ ನೋಡಿದ್ದಾರೆ.

“ಆ ಭಯಕ್ಕೆ ಕಂಪನಿಯವರು ಏನಾದ್ರೂ ಕೊಟ್ರಾ ತಾತ?” ಎಂದು ಕೇಳಿದರೆ ಹಲ್ಲಿಲ್ಲದ ಬಾಯಲ್ಲಿ ನಕ್ಕರು.

“ಕೊಡದೇ ಇರ್ತಾರಾ ಸಾಮಿ? ಮಾರನೇ ದಿನ ಅದೇ ಶಿಫ್ಟ್ ಕೊಟ್ರು.”

2001ರ ಫೆಬ್ರವರಿ 28ಕ್ಕೆ, ಆಗ ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್‌ಗೆ ಬೀಗ ಬಿತ್ತು. ಮೂರು ಸಾವಿರಕ್ಕೂ ಹೆಚ್ಚು ಮಂದಿ ಒಂದೇ ದಿನ ಮಾಜಿಗಳಾದರು. ಕತ್ತಲಲ್ಲಿ ಬಂಡೆ ಕೊರೆಯುವುದೊಂದು ಬಿಟ್ಟು ಇನ್ನೊಂದು ಕಸುಬು ಗೊತ್ತಿಲ್ಲದವರು ಬೆಳಕಿನಲ್ಲಿ ಏನು ಮಾಡಬೇಕೆಂದು ತೋಚದೆ ಬೀದಿ ಕಟ್ಟೆಯ ಮೇಲೆ ಕುಳಿತರು. ಬಾಕಿ ಹಣಕ್ಕೆ, ಇರುವ ಮನೆಯ ಹಕ್ಕುಪತ್ರಕ್ಕೆ ವರ್ಷಾನುಗಟ್ಟಲೆ ಅಲೆದಾಟ. ಆಗ ಊರಿಗೆ ಬಂದುಹೋದವರೆಲ್ಲ, ಅಧಿಕಾರಿ, ಪತ್ರಕರ್ತ, ಬಿಡುವಿದ್ದ ಸಂಶೋಧಕ, ಒಂದೇ ನೋಟಕ್ಕೆ ರೋಗ ಪತ್ತೆ ಮಾಡಿದರು: ಕುಡಿತ. ಎಷ್ಟು ಸುಲಭ ನೋಡಿ. ಮೊದಲು ಬೀಡಿಯಿಂದ ಎದೆ ಹಾಳು, ಆಮೇಲೆ ಬಾಟಲಿಯಿಂದ ಬಾಳು ಹಾಳು. ಅಂಗಡಿಯಿಂದ ಏನಾದರೊಂದು ಕೊಂಡು ತಂದು ತಾವೇ ಹಾಳಾಗುವ ವಿಚಿತ್ರ ಜನ, ಕಂಪನಿ ಮಾತ್ರ ಎಂದೂ ಏನೂ ಮಾಡಲಿಲ್ಲ.

ಕಂಪನಿ ಬಿಟ್ಟುಹೋದ ಸೈನೈಡ್ ಗುಡ್ಡಗಳ ಅದೃಷ್ಟವೇ ಬೇರೆ. ಸಿನಿಮಾದವರು ಬಂದು ಅವುಗಳ ಮೇಲೆ ಎರಡು ಭಾಗ ಸಿನಿಮಾ ತೆಗೆದು ದೇಶವನ್ನೇ ಗೆದ್ದರು. 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಅದೇ ಗುಡ್ಡಗಳಿಂದ ಅಳಿದುಳಿದ ಚಿನ್ನ ತೆಗೆಯಲು ಒಪ್ಪಿಗೆಯನ್ನೂ ಕೊಟ್ಟಿತು. ಮೂರು ಕೋಟಿ ಟನ್ನಿಗೂ ಮೀರಿದ ಮಣ್ಣು, ಟನ್ನಿಗೆ ಒಂದು ಗ್ರಾಮಿನ ಆಸುಪಾಸು ಚಿನ್ನ. ಬಿಸಾಡಿದ ಮಣ್ಣಿನಲ್ಲಿ ಎಷ್ಟು ಉಳಿದಿದೆ ಎಂದು ಗ್ರಾಮಿನ ಚೂರಿನವರೆಗೆ ಲೆಕ್ಕ ಹಾಕುವ ವಿದ್ಯೆ ನಮ್ಮಲ್ಲಿ ಇದೆ ಎಂಬುದು ಇದರಿಂದ ಸಾಬೀತಾಯಿತು.

ಈಗ ಕೆಜಿಎಫ್ ಗಣಿಗೆ ಇಳಿಯುವುದಿಲ್ಲ, ರೈಲಿಗೆ ಹತ್ತುತ್ತದೆ. ಮಾರಿಕುಪ್ಪಂನಲ್ಲಿ ಬೆಳಕು ಹರಿಯುವ ಮುಂಚೆ ಹೊರಡುವ ಗಾಡಿ ಬಂಗಾರಪೇಟೆಗೆ ಬರುವಷ್ಟರಲ್ಲಿ ಸೀಟು ಇರುವುದಿಲ್ಲ, ಮಾಲೂರಿಗೆ ಬರುವಷ್ಟರಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ವೈಟ್‌ಫೀಲ್ಡ್‌ನಲ್ಲಿ ಅರ್ಧ ಬೋಗಿ ಇಳಿಯುತ್ತದೆ. ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಕ್ಯಾಂಟೀನ್, ಕಾಲ್‌ಸೆಂಟರ್. ಅಪ್ಪ ಕೇಜಿನಲ್ಲಿ ನಿಂತು ಹೋಗುತ್ತಿದ್ದರು, ಮಗ ಬೋಗಿಯಲ್ಲಿ ನಿಂತು ಹೋಗುತ್ತಾನೆ.

ಹಾಗೆ ನಿಂತ ಒಬ್ಬ ಹುಡುಗ ಸಾಲ ವಸೂಲಿಯ ಫೋನ್ ಮಾಡುವ ಕೆಲಸದಲ್ಲಿದ್ದಾನೆ. ಕಂತು ಕಟ್ಟದವರಿಗೆ ಫೋನ್ ಮಾಡಿ ನಯವಾಗಿ ಕೇಳಬೇಕು. ಆ ಕಡೆಯವರು ನಯವಾಗಿ ಇರಬೇಕೆಂಬ ನಿಯಮವೇನಿಲ್ಲ.

“ದಿನಾ ಅಮ್ಮ ಅಕ್ಕ ಅಂತ ಬೈಸ್ಕೊಳ್ಳೋದೇ ಕೆಲಸ ಅಣ್ಣ. ಸಾಯಂಕಾಲ ಟೀಮ್ ಲೀಡರ್ ಕರ್ಕೊಂಡು, ಇವತ್ತು ಯಾಕೆ ಕಾಲ್ಸ್ ಕಮ್ಮಿ ಅಂತಾನೆ. ಅಂದ್ರೆ ಯಾಕೆ ಕಮ್ಮಿ ಬೈಸ್ಕೊಂಡೆ ಅಂತ ಬೈತಾನೆ.”

“ರಜ ಹಾಕಿ ಡಾಕ್ಟರಿಗೆ ತೋರಿಸ್ಕೋಬಾರ್ದಾ?”

“ಏನಂತ ತೋರಿಸ್ಕೊಳ್ಳಲಿ? ಫೋನ್ ರಿಂಗಾದ್ರೆ ಕೈ ನಡುಗುತ್ತೆ ಅಂದ್ರೆ ನಮ್ಮಪ್ಪನೇ ನಗ್ತಾರೆ. ಅವರ ಕೈ ಡ್ರಿಲ್ ಹಿಡಿದು ನಡುಗ್ತಿತ್ತಂತೆ.”

ರೈಲಿನಿಂದ ಬಿದ್ದು ಆ ಕೈ ಮುರಿದುಕೊಂಡರೆ ಈಗಿನ ಸಂಹಿತೆ ಪರಿಹಾರದ ಬಾಗಿಲು ತೆರೆಯುತ್ತದೆ. ಮನೆಯಿಂದ ಕೆಲಸಕ್ಕೆ ಹೋಗುವ ದಾರಿಯೂ ಕೆಲಸದ್ದೇ ಭಾಗ ಎಂದು ಒಪ್ಪಿಕೊಂಡಿದೆ. ಬೀಳದೆ ಸುಮ್ಮನೆ ನಡುಗಿದರೆ ಏನೂ ಇಲ್ಲ. ಕೈ ಮುರಿಯಬೇಕು, ನಡುಗಬಾರದು.

ಇಂಥ ಕಡೆ ದೊಡ್ಡವರ ಮಾತು ನೆನಪಿಸಿಕೊಳ್ಳುವುದು ವಾಡಿಕೆ. ಇನ್ಫೋಸಿಸ್ ನಾರಾಯಣ ಮೂರ್ತಿಯವರು ಹುಟ್ಟಿದ್ದು ಶಿಡ್ಲಘಟ್ಟದಲ್ಲಿ, ಆಗ ಅದು ನಮ್ಮ ಕೋಲಾರ ಜಿಲ್ಲೆಯೇ. 2023ರಲ್ಲಿ ಅವರು ಯುವಕರು ವಾರಕ್ಕೆ ಎಪ್ಪತ್ತು ಗಂಟೆ ದುಡಿಯಬೇಕೆಂದರು. ಜಿಲ್ಲೆಯ ಅಭಿಮಾನದಿಂದ ತಲೆದೂಗಿದೆವು. ಎಲ್ ಅಂಡ್ ಟಿಯ ಅಧ್ಯಕ್ಷರು ತೊಂಬತ್ತಕ್ಕೆ ಏರಿಸಿ, ಭಾನುವಾರ ಮನೆಯಲ್ಲಿ ಕೂತು ಹೆಂಡತಿಯ ಮುಖ ಎಷ್ಟು ಹೊತ್ತು ನೋಡುತ್ತೀರಿ ಎಂಬ ಧಾಟಿಯಲ್ಲಿ ಕೇಳಿದರು. ರಾಜ್ಯ ಸರ್ಕಾರವೂ ಹಿಂದೆ ಬಿದ್ದಿಲ್ಲ. 2023ರಲ್ಲೇ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ ಹನ್ನೆರಡು ಗಂಟೆಯ ಪಾಳಿಗೆ ಅವಕಾಶ ಕೊಟ್ಟಿತು, ಮೂರು ತಿಂಗಳಿಗೆ 75 ಗಂಟೆಯಿದ್ದ ಓಟಿ ಮಿತಿಯನ್ನು 145ಕ್ಕೆ ಏರಿಸಿತು. ರೈಲಿನಲ್ಲಿ ನಿಂತ ನಮ್ಮ ಹುಡುಗನಿಗೆ ಇದರ ಮೇಲೆ ಪ್ರಯಾಣದ ಗಂಟೆಗಳೂ ಸೇರುತ್ತವೆ. ಹೆಂಡತಿಯ ಮುಖ ನೋಡುವ ಪ್ರಶ್ನೆಯೇ ಬರುವುದಿಲ್ಲ, ಇವನು ಹೊರಟಾಗ ಅವಳು ಮಲಗಿರುತ್ತಾಳೆ, ಬಂದಾಗಲೂ ಮಲಗಿರುತ್ತಾಳೆ.

ಹನ್ನೆರಡು ಗಂಟೆ ಎಂದಾಗ ನಮ್ಮ ಜಿಲ್ಲೆಯ ನರಸಾಪುರ ನೆನಪಾಗದೇ ಇರುವುದಿಲ್ಲ. 2020ರ ಡಿಸೆಂಬರ್ 12ರ ಬೆಳಗಿನ ಜಾವ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಹುಡುಗರು ಕೈಗೆ ಸಿಕ್ಕಿದ್ದನ್ನೆಲ್ಲ ಒಡೆದರು. ಒಡೆದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಮೊದಲ ದೂರಿನಲ್ಲಿ ಕಂಪನಿ ಹೇಳಿದ ನಷ್ಟ 437 ಕೋಟಿ ರೂಪಾಯಿ. ಅದಾಗಿ ಕೆಲವೇ ದಿನಕ್ಕೆ ತೈವಾನಿನ ಷೇರುಪೇಟೆಗೆ ಕೊಟ್ಟ ಲೆಕ್ಕದಲ್ಲಿ ಅದು 26ರಿಂದ 52 ಕೋಟಿಗೆ ಇಳಿಯಿತು. ಪೊಲೀಸರ ಮುಂದೆ ಒಡೆದ ಗಾಜು ಷೇರುದಾರರ ಮುಂದೆ ತಾನಾಗಿ ಕೂಡಿಕೊಂಡಿತು. ಕಾರ್ಖಾನೆ ಇಲಾಖೆ ಹೋಗಿ ನೋಡಿದಾಗ ಎಂಟು ಗಂಟೆಯ ಪಾಳಿ ಹನ್ನೆರಡಾಗಿತ್ತು, ಸಂಬಳ, ಓಟಿ ಸರಿಯಾಗಿ ಬಂದಿರಲಿಲ್ಲ. ಆಪಲ್‌ನವರು ವಿಸ್ಟ್ರಾನನ್ನು ಕೆಲಕಾಲ ಒರೆಗೆ ಹಚ್ಚಿದರು. ಈಗ ಕಾರ್ಖಾನೆ ಟಾಟಾ ಕೈಗೆ ಹೋಗಿದೆ. ಇಷ್ಟೆಲ್ಲದರ ನಡುವೆ ಗಾಜು, ಕ್ಯಾಮೆರಾ, ಗಾಲ್ಫ್ ಕಾರ್ಟು, ಕಳವಾದ ಫೋನು ಎಲ್ಲದರ ಪಟ್ಟಿಯಾಯಿತು. ಇಪ್ಪತ್ತೊಂದು ಇಪ್ಪತ್ತೆರಡರ ವಯಸ್ಸಿನ ಅಷ್ಟು ಹುಡುಗರಿಗೆ ಒಂದೇ ರಾತ್ರಿ ತಲೆ ಕೆಡುವಂಥದ್ದು ಏನಾಗಿತ್ತು ಎಂಬ ಕಾಲಂ ಆ ನಮೂನೆಯಲ್ಲಿ ಇರಲಿಲ್ಲ.

ಕಾಲಂ ಇರುವ ನಮೂನೆ ಜಗತ್ತಿನಲ್ಲಿ ಇಲ್ಲವೇ? ಇದೆ. ಕೊರಿಯಾದಲ್ಲಿದೆ, ದಕ್ಷಿಣ ಕೊರಿಯಾದಲ್ಲಿ. ಕಿಮ್ಚಿ, ಸಾಮ್‌ಸಂಗ್, ನಮ್ಮ ಹುಡುಗಿಯರು ಮೊಬೈಲ್ ಬಿಡದೆ ನೋಡುವ ಧಾರಾವಾಹಿಗಳ ದೇಶ. ಅಲ್ಲಿ 2013ರಲ್ಲೇ ಆಘಾತದ ನಂತರ ಉಳಿದುಹೋಗುವ ಮಾನಸಿಕ ತೊಂದರೆಯನ್ನು ಕೆಲಸದ ಕಾಯಿಲೆಗಳ ಪಟ್ಟಿಗೆ ಸೇರಿಸಿದರು. 2016ರಲ್ಲಿ ಗಿರಾಕಿಯ ಬೈಗುಳ, ಕಿರುಕುಳದಿಂದ ಬರುವ ಖಿನ್ನತೆಯನ್ನೂ ಸೇರಿಸಿದರು. 2018ರ ಅಕ್ಟೋಬರಿನಿಂದ ಗಿರಾಕಿ ಹದ್ದುಮೀರಿ ಬೈದರೆ ನೌಕರನಿಗೆ ಬಿಡುವು ಕೊಡುವುದು, ಬೇರೆ ಕೆಲಸಕ್ಕೆ ಹಾಕುವುದು ಮಾಲೀಕನ ಹೊಣೆ. 2019ರ ಜುಲೈನಿಂದ ಕಚೇರಿಯೊಳಗಿನ ಕಿರುಕುಳಕ್ಕೂ ಕಾನೂನು. ಅರ್ಜಿ ಹೋಗುವುದು ಕಾರ್ಮಿಕ ಪರಿಹಾರಕ್ಕೆಂದೇ ಇರುವ ಸರ್ಕಾರಿ ಸಂಸ್ಥೆಗೆ. ಡಾಕ್ಟರು, ವಕೀಲರು ಕೂಡಿದ ಸಮಿತಿ ಕೂತು ತೀರ್ಮಾನಿಸುತ್ತದೆ.

ಕೊರಿಯಾ ಸ್ವರ್ಗ ಎಂದೇನೂ ಅಲ್ಲ. ಶ್ರೀಮಂತ ದೇಶಗಳ ಕೂಟದಲ್ಲಿ ಅತಿ ಹೆಚ್ಚು ಆತ್ಮಹತ್ಯೆಯ ದೇಶ ಅದೇ. ವಾರದ ದುಡಿಮೆಗೆ 52 ಗಂಟೆಯ ಮಿತಿ ಹಾಕಿದ ಅದೇ ದೇಶದಲ್ಲಿ ಆಮೇಲೆ ಬಂದ ಸರ್ಕಾರ 2023ರಲ್ಲಿ ಅದನ್ನು 69 ಗಂಟೆಗೆ ಏರಿಸಲು ಹೋಗಿ, ಯುವಕರು ಉಗಿದ ಮೇಲೆ ಹಿಂದೆ ಸರಿಯಿತು. ಸಮಿತಿಯ ಮುಂದೆ ಹೋದವನಿಗೆ ನಿನಗೆ ಈ ಸ್ವಭಾವ ಮೊದಲಿಂದಲೇ ಇತ್ತಲ್ಲವೇ ಎಂಬ ಪ್ರಶ್ನೆ ಅಲ್ಲಿಯೂ ತಪ್ಪಿಲ್ಲ. ಆದರೂ ಪ್ರಶ್ನೆ ಕೇಳಲು ಒಂದು ಮೇಜಾದರೂ ಇದೆ. ನಮ್ಮಲ್ಲಿ ಮೇಜೇ ಇಲ್ಲ, ಹಾಗಾಗಿ ಅವಮಾನವೂ ಇಲ್ಲ. ಇದನ್ನೇ ಸುಖ ಎನ್ನಬಹುದು.

ಗಡಿಯಾಚೆ ಪೆನುಕೊಂಡದಲ್ಲಿ ಕೊರಿಯಾದ ಕಿಯಾ ಕಾರು ತಯಾರಾಗುತ್ತಿದೆ, 2019ರಿಂದ. ಅದೇ ಕಂಪನಿಯ ಬೋಲ್ಟನ್ನು ಆ ದೇಶದಲ್ಲಿ ಬಿಗಿಯುವವನು ಖಿನ್ನತೆಗೆ ಬಿದ್ದರೆ ಅರ್ಜಿ ಹಾಕಬಹುದು, ಇಲ್ಲಿ ಬಿಗಿಯುವವನು ಹಿಮಗುರುಡಿಗೆ ಕಾಯಬೇಕು. ಇದರಲ್ಲಿ ಕಂಪನಿಯ ತಪ್ಪೇನೂ ಇಲ್ಲ, ಅದು ಆಯಾ ದೇಶದ ಕಾನೂನು ಪಾಲಿಸುತ್ತದೆ. ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಕೂಡ ತನ್ನ ಕಸುಬಿನ ಕಾಯಿಲೆಗಳ ಪಟ್ಟಿಯಲ್ಲಿ ಮಾನಸಿಕ ತೊಂದರೆಗಳಿಗೆ 2010ರಲ್ಲೇ ಜಾಗ ಕೊಟ್ಟಿದೆ. ನಾವು ಅದರ ಸ್ಥಾಪಕ ಸದಸ್ಯರು. ಸ್ಥಾಪಕರಾದವರು ಎಲ್ಲವನ್ನೂ ಓದಬೇಕೆಂದೇನಿಲ್ಲ.

ನಮ್ಮ ಅಂಕಿಅಂಶಗಳನ್ನು ನಂಬುವುದಾದರೆ ನಮಗೆ ಇದರ ಅಗತ್ಯವೇ ಇಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ 2022ರಲ್ಲಿ ಎಣಿಸಿದ ಆತ್ಮಹತ್ಯೆ 1,70,924. ಅದರಲ್ಲಿ ನಾಲ್ಕನೇ ಒಂದಕ್ಕೂ ಹೆಚ್ಚು ದಿನಗೂಲಿಯವರು. ಕಾರಣದ ಕಾಲಂನಲ್ಲಿ ಕುಟುಂಬದ ಸಮಸ್ಯೆ ಮೂರನೇ ಒಂದರ ಹತ್ತಿರ, ಉದ್ಯೋಗದ ಸಮಸ್ಯೆ ನೂರಕ್ಕೆ ಎರಡೂ ಇಲ್ಲ. ಅಂದರೆ ಈ ದೇಶದಲ್ಲಿ ಕಚೇರಿ, ಕಾರ್ಖಾನೆಗಳಷ್ಟು ಸುರಕ್ಷಿತ ಜಾಗ ಬೇರಿಲ್ಲ, ಮನೆಯೇ ಅಪಾಯಕಾರಿ. ಸಂಬಳ ಬರದೆ ಗಂಡ ಹೆಂಡತಿ ಜಗಳವಾಡಿದರೆ ಠಾಣೆಯ ಬರಹಗಾರನ ಪೆನ್ನು ಜಗಳವನ್ನು ಬರೆದುಕೊಳ್ಳುತ್ತದೆ, ಸಂಬಳವನ್ನಲ್ಲ.

ನ್ಯಾಯಾಲಯಗಳು ಮಾತ್ರ ಆಗಾಗ ಕರಗಿವೆ. ಲಾರಿ ಚಾಲಕನೋ ಕಾವಲುಗಾರನೋ ದುಡಿಯುತ್ತಲೇ ಹೃದಯಾಘಾತವಾಗಿ ಸತ್ತರೆ, ಕೆಲಸದ ಒತ್ತಡ, ಆಯಾಸವೇ ಕಾರಣ ಎಂದು ತೋರಿಸಿಕೊಟ್ಟರೆ, ಅದನ್ನು ಅಪಘಾತವೆಂದೇ ಹಿಡಿದು ಮನೆಯವರಿಗೆ ಹಣ ಕೊಡಿಸಿದ್ದಿದೆ. ಒತ್ತಡ ಎಂಬುದೊಂದು ಇದೆ ಎಂದು ಕಾನೂನಿಗೆ ಗೊತ್ತು ಎಂದಾಯಿತು. ಅದು ಎದೆಯಲ್ಲಿ ಒಡೆಯಬೇಕು, ತಲೆಯಲ್ಲಿ ಒಡೆದರೆ ಬೇರೆ ವಿಭಾಗ.

ಆ ಬೇರೆ ವಿಭಾಗದಲ್ಲಿ ಏನಿದೆ? ಇಎಸ್‌ಐ ಇದೆ. ಇಪ್ಪತ್ತೊಂದು ಸಾವಿರದೊಳಗೆ ಸಂಬಳ ಇರುವವರಿಗೆ, ಬುದ್ಧಿಭ್ರಮಣೆಯಂಥ ತೀವ್ರ ಮನೋರೋಗವಾದರೆ ದೀರ್ಘಾವಧಿಯ ಕಾಯಿಲೆಯೆಂದು ಕೂಲಿಯ ಶೇಕಡ 80ರಷ್ಟನ್ನು ಎರಡು ವರ್ಷದವರೆಗೂ ಕೊಡುತ್ತಾರೆ. ಒಳ್ಳೆಯ ಸೌಲಭ್ಯ, ಕುಹಕವಿಲ್ಲದೆ ಹೇಳುತ್ತಿದ್ದೇನೆ. ಆದರೆ ಅದು ಕಾಯಿಲೆಗೆ ಕೊಡುವ ಹಣ. ಕಾಯಿಲೆ ಎಲ್ಲಿಂದ ಬಂತು ಎಂಬ ಗೊಡವೆಗೆ ಹೋಗುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಹಾಗೆಯೇ. ಸಾಯಲು ಹೋದವನು ತೀವ್ರ ಒತ್ತಡದಲ್ಲಿದ್ದ ಎಂದೇ ಭಾವಿಸಬೇಕು, ಅವನನ್ನು ಶಿಕ್ಷಿಸಬಾರದು ಎನ್ನುತ್ತದೆ. ಬಹಳ ಮಾನವೀಯ. ಒತ್ತಡ ಕೊಟ್ಟವರು ಯಾರು ಎಂದು ಕೇಳುವಷ್ಟು ಒರಟುತನ ಅದಕ್ಕಿಲ್ಲ.

ಚಿಕಿತ್ಸೆಗೆ ಮನೋಚೈತನ್ಯ ಕಾರ್ಯಕ್ರಮವಿದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುತ್ತಾರೆ, ಸೂಪರ್ ಮಂಗಳವಾರ ಎಂದು ಹೆಸರು. ನಿಮ್ಹಾನ್ಸ್‌ನವರು 2015-16ರಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಕಾಯಿಲೆಯಿಂದ ಕಾಯಿಲೆಗೆ ವ್ಯತ್ಯಾಸವಿದ್ದರೂ, ನೂರರಲ್ಲಿ ಎಪ್ಪತ್ತರಿಂದ ತೊಂಬತ್ತೆರಡು ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ ಎಂದು ಕಂಡಿದ್ದರು. ಹಾಗಿರುವಾಗ ವಾರಕ್ಕೊಂದು ದಿನ ಬರುವುದೂ ದೊಡ್ಡದೇ. ಟೆಲಿಮಾನಸ್ 14416 ಇದೆ, ಹಗಲು ರಾತ್ರಿ ಎತ್ತುತ್ತಾರೆ, ಬೇಕಾದವರು ಖಂಡಿತ ಮಾಡಿ. ಆದರೆ ನಮ್ಮ ರೈಲಿನ ಹುಡುಗ ಮಂಗಳವಾರ ರಜ ಹಾಕಿದರೆ ಸಂಬಳ ಕಡಿತ. ಕಡಿತವಾದರೆ ಮನೆಯಲ್ಲಿ ಮಾತು. ಅದು ಕುಟುಂಬದ ಸಮಸ್ಯೆ.

ದೊಡ್ಡ ಕಂಪನಿಗಳು ಇವೆಲ್ಲಕ್ಕಿಂತ ಮುಂದೆ. 2024ರ ವಿಶ್ವ ಮಾನಸಿಕ ಆರೋಗ್ಯ ದಿನದ ವಿಷಯವೇ ಕೆಲಸದ ಜಾಗದಲ್ಲಿ ಮಾನಸಿಕ ಆರೋಗ್ಯ ಎಂದಿತ್ತು. ಅಕ್ಟೋಬರ್ 10ರಂದು ಟೆಕ್ ಪಾರ್ಕುಗಳಲ್ಲಿ ಬಲೂನು ಕಟ್ಟಿದರು, ಯೋಗದ ಗುರುಗಳು ಬಂದು ಉಸಿರು ಒಳಕ್ಕೆಳೆದು ಹೊರಕ್ಕೆ ಬಿಡುವುದನ್ನು ಹೇಳಿಕೊಟ್ಟರು. ಹುಟ್ಟಿದಾಗಿನಿಂದ ಮಾಡಿಕೊಂಡು ಬಂದಿದ್ದನ್ನೇ ಅರ್ಧ ಗಂಟೆ ಮಾಡಿಸಿ ಹಾಜರಾತಿ ಹಾಕಿಸಿಕೊಂಡರು. ಆ ಅರ್ಧ ಗಂಟೆಯ ಕೆಲಸವನ್ನು ಸಂಜೆ ಉಳಿದು ಮುಗಿಸಬೇಕಾಯಿತು. ಬಲೂನು ಗುಡಿಸಿದ್ದು ನಮ್ಮ ಆಂಡರ್ಸನ್‌ಪೇಟೆಯ ಅಕ್ಕ. ಅವರಿಗೆ ಯೋಗಕ್ಕೆ ಕರೆ ಇರಲಿಲ್ಲ, ಅವರು ಕಂಪನಿಯವರಲ್ಲ, ಕಾಂಟ್ರಾಕ್ಟಿನವರು. ಅವರ ಮಾನಸಿಕ ಆರೋಗ್ಯ ಏಜೆನ್ಸಿಯ ಜವಾಬ್ದಾರಿ.

ಬರೀ ಟೀಕೆ ಮಾಡುತ್ತಾ ಕೂರಬಾರದೆಂದು ನಾನೇ ಒಂದು ಕರಡು ಅನುಸೂಚಿ ತಯಾರಿಸಿದೆ. ಸರ್ಕಾರಕ್ಕೆ ಹೊಸದಾಗಿ ಯೋಚಿಸುವ ಕಷ್ಟ ಬೇಡವೆಂದು ದರಗಳನ್ನೆಲ್ಲ ಹಳೆಯ ಬೆರಳುಗಳಿಂದಲೇ ತೆಗೆದುಕೊಂಡೆ. ರಾತ್ರಿ ಹನ್ನೊಂದರ ಮೇಲೆ ‘ಒಂದು ಚಿಕ್ಕ ಕೆಲಸ’ ಎಂದು ಬರುವ ಮೆಸೇಜಿಗೆ ಕಿರುಬೆರಳ ತುದಿಯ ದರ, ಶೇಕಡ 2. ಭಾನುವಾರ ಸಂಜೆಯಾಗುತ್ತಲೇ ಹೊಟ್ಟೆ ಕಲಸಿ ಹೆಂಡತಿ ಮಕ್ಕಳ ಮೇಲೆ ರೇಗುವುದಕ್ಕೆ ಉಂಗುರದ ಬೆರಳು, 7. ಎಲ್ಲರ ಮುಂದೆ ಮೀಟಿಂಗಿನಲ್ಲಿ ಮರ್ಯಾದೆ ತೆಗೆದರೆ ತೋರುಬೆರಳು, 14, ಯಾಕೆಂದರೆ ಅಲ್ಲಿ ಬಳಕೆಯಾಗುವುದೂ ಅದೇ ಬೆರಳು. ಜೊತೆಯವನು ಕಣ್ಣೆದುರೇ ಮೆಷಿನ್ನಿಗೋ ಬಂಡೆಗೋ ಸಿಕ್ಕಿದ್ದನ್ನು ನೋಡಿ ಮುಂದೆ ನಿದ್ದೆ ಹತ್ತದಿದ್ದರೆ ಒಂದು ಕಣ್ಣಿನ ದರ, 40. ನೋಡಿದ್ದು ಎರಡೂ ಕಣ್ಣಲ್ಲಿ ನಿಜ, ಆದರೂ ಒಂದಕ್ಕೇ ಹಿಡಿದಿದ್ದೇನೆ, ಉದ್ಯಮಸ್ನೇಹಿ ವಾತಾವರಣ ಕೆಡಬಾರದು ನೋಡಿ.

ಇದನ್ನು ಹಿಡಿದು ಒಂದು ಕಚೇರಿಗೆ ಹೋದೆ. ಗುಮಾಸ್ತರು ಬಹಳ ಸಜ್ಜನರು, ಕೂತುಕೊಳ್ಳಲು ಹೇಳಿ ಪೂರ್ತಿ ಓದಿದರು.

“ಚೆನ್ನಾಗಿದೆ ಸಾರ್. ಆದ್ರೆ ಸಾಕ್ಷಿ?”

“ಸಾಕ್ಷಿ ಜೇಬಲ್ಲೇ ಇರುತ್ತಲ್ಲ. ಮೊಬೈಲ್ ತೆಗೆದ್ರೆ ಎಷ್ಟು ಗಂಟೆಗೆ ಬೈದ್ರು, ಎಷ್ಟು ಗಂಟೆಗೆ ಇವನು ನೋಡ್ದ, ಎಲ್ಲ ಇದೆ. ಎರಡು ನೀಲಿ ಗೆರೆ ಸಮೇತ.”

“ಅದನ್ನ ಪ್ರಿಂಟ್ ತೆಗೆಸಿ ಮೂರು ಪ್ರತಿ ಕೊಡ್ಬೇಕು. ಗೆಜೆಟೆಡ್ ಆಫೀಸರ್ ಸಹಿ. ಜೊತೆಗೆ ಕಂಪನಿಯಿಂದ ಒಂದು ನಿರಾಕ್ಷೇಪಣಾ ಪತ್ರ.”

“ನಮ್ಮಿಂದಲೇ ಇವನ ತಲೆ ಕೆಟ್ಟಿದೆ, ನಮ್ಮ ಆಕ್ಷೇಪಣೆ ಇಲ್ಲ ಅಂತ ಯಾವ ಕಂಪನಿ ಬರ್ಕೊಡುತ್ತೆ ಸಾರ್?”

“ಅದು ಅರ್ಜಿದಾರರ ಜವಾಬ್ದಾರಿ. ಮಂಗಳವಾರ ಕರ್ಕೊಂಡು ಬನ್ನಿ, ಸಾಹೇಬರು ಇರ್ತಾರೆ.”

“ಮಂಗಳವಾರ ಡಾಕ್ಟರು ಬರೋ ದಿನ.”

“ಹಾಗಾದ್ರೆ ಮೊದಲು ಅಲ್ಲಿಗೇ ಹೋಗ್ಲಿ. ವಾಸಿಯಾದ್ರೆ ಪರಿಹಾರದ ಪ್ರಶ್ನೆನೇ ಬರಲ್ಲ.”

“ಆಗದಿದ್ರೆ?”

ಗುಮಾಸ್ತರು ಕಡತದ ದಾರ ಕಟ್ಟುತ್ತಾ, ಗೊತ್ತಿರುವ ನಿಯಮವನ್ನು ಗೊತ್ತಿಲ್ಲದವನಿಗೆ ಹೇಳುವ ದನಿಯಲ್ಲಿ ಹೇಳಿದರು: “ಆಗದಿದ್ರೆ ತಲೆ ನೆಟ್ಟಗಿಲ್ಲದವರ ಸಹಿ ನಡೆಯಲ್ಲ ಸಾರ್.”